ಹಿಮ ಬೀಳುವ ರಾತ್ರಿ ಬೆಟ್ಟದ ಬುಡದಲ್ಲಿರಿ: ಟಾಹೋದಿಂದ ಜಾಕ್ಸನ್‌ವರೆಗೆ ಸ್ಕೀ ಪ್ರವಾಸದ ಸಮಗ್ರ ಮಾರ್ಗದರ್ಶಿ

ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆಯಿತೆಂದರೆ ಮಂಗಳೂರಿಗೆ ಹೊರಟವರು ಸಕಲೇಶಪುರದಲ್ಲಿ ಇಳಿದು, ಕಾಫಿ ಕುಡಿಯುತ್ತ, ಮುಂದೇನು ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಡಾನರ್ ಘಾಟಿಯದೂ ಇದೇ ಪಾಡು. ಅಲ್ಲಿ ಮಣ್ಣು ಕುಸಿಯುತ್ತದೆ, ಇಲ್ಲಿ ಹಿಮ ಸುರಿಯುತ್ತದೆ. 2024ರ ಮಾರ್ಚ್ ಮೊದಲ ವಾರಾಂತ್ಯದ ಹಿಮಗಾಳಿಗೆ ಐ-80 ಹೆದ್ದಾರಿಯನ್ನೇ ಮುಚ್ಚಿದರು. ಶುಕ್ರವಾರ ಕಚೇರಿಯಿಂದ ನೇರವಾಗಿ ಹೊರಟ ನಮ್ಮ ಗೆಳೆಯರ ಮೂರು ಕಾರುಗಳು ಕಾಲ್ಫ್ಯಾಕ್ಸ್ ಹತ್ತಿರದಿಂದ ಫ್ರೀಮಾಂಟ್‌ಗೆ ಹಿಂದಿರುಗಿದವು. ನಾವು ಮುನ್ಸೂಚನೆ ನೋಡಿ ಬುಧವಾರ ರಾತ್ರಿಯೇ ಘಾಟಿಯಾಚೆಯ ಟ್ರಕೀ ಊರು ಸೇರಿದ್ದೆವು. ಸ್ಕೀ ಮಾಡುವವರನ್ನು ಬೆಟ್ಟದ ಮೇಲೆ ಒಯ್ಯುವ ಲಿಫ್ಟ್‌ಗಳು ಗಾಳಿಗೆ ನಿಂತ ದಿನ ಬಾಡಿಗೆ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ಮಲಗಿದೆವು. ಗಾಳಿ ಇಳಿದ ಮೇಲೆ ಸೊಂಟದವರೆಗಿನ ಹೊಸ ಹಿಮ, ಬೆಟ್ಟದ ಮೇಲೆ ಜನವೇ ಇಲ್ಲ.

ಸ್ಕೀ ಪ್ರವಾಸವೆಂದರೆ ಹೆಚ್ಚಿನವರು ಬೆಟ್ಟಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನಾನು ರಸ್ತೆಯಿಂದ ಶುರು ಮಾಡುತ್ತೇನೆ. ಹಿಮ ಬೀಳುವ ರಾತ್ರಿ ಬೆಟ್ಟದ ಬುಡದಲ್ಲಿ ಮಲಗಿರಬೇಕು, ಆಕಾಶ ತಿಳಿಯಾದ ದಿನ ಗಾಡಿ ಓಡಿಸಬೇಕು. ಲಿಫ್ಟ್ ಏರಲು ಬೇಕಾದ ಚಳಿಗಾಲದ ಪಾಸ್, ವಸತಿ, ಟೈರ್, ಕೊನೆಗೆ ಊಟದ ಡಬ್ಬಿ ಕೂಡ ಈ ಒಂದು ಲೆಕ್ಕಕ್ಕೆ ಹೊಂದಿಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿರುವ ಕನ್ನಡದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಬರುವವರು ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಇಳಿದು, ಮಧ್ಯದಿಂದ ಓದಿಕೊಂಡರಾಯಿತು.

ಮೊದಲು ನಕ್ಷೆ

ನಾನು ಹೇಳುವ ದಾರಿಯಲ್ಲಿ ಮೂರು ಪರ್ವತ ಸಾಲುಗಳಿವೆ. ಮೊದಲನೆಯದು ಸಿಯೆರಾ ನೆವಾಡಾ, ಅಂದರೆ ಟಾಹೋ ಸುತ್ತಲಿನ ಬೆಟ್ಟಗಳು. ಎರಡನೆಯದು ಯೂಟಾದ ವಾಸಾಚ್, ಮೂರನೆಯದು ವಯೋಮಿಂಗ್‌ನ ಟೀಟನ್. ಸ್ಯಾನ್ ಫ್ರಾನ್ಸಿಸ್ಕೋದಿಂದ ಟ್ರಕೀಗೆ ಸುಮಾರು 185 ಮೈಲಿ. ಅಲ್ಲಿಂದ ರೀನೋ 30 ಮೈಲಿ, ರೀನೋದಿಂದ ಸಾಲ್ಟ್ ಲೇಕ್ ಸಿಟಿ 520 ಮೈಲಿ. ಸಾಲ್ಟ್ ಲೇಕ್‌ನಿಂದ ಜಾಕ್ಸನ್‌ಗೆ ಇನ್ನೊಂದು 280. ಈ ದೂರಗಳನ್ನು ಫೋನಿನ ನಕ್ಷೆ ತೋರಿಸುವ ಗಂಟೆಗಳಲ್ಲಿ ಅಳೆಯಬೇಡಿ. ಅದು ಒಣ ರಸ್ತೆಯ ಲೆಕ್ಕ. ಘಾಟಿ ಇರುವ ಭಾಗಕ್ಕೆ ಅರ್ಧದಷ್ಟು ಸಮಯ ಹೆಚ್ಚು ಸೇರಿಸಿ. ದಿನಕ್ಕೆ 350 ಮೈಲಿ ಮೀರದಂತೆ ಹಂಚಿ, ಕತ್ತಲಾಗುವ ಮೊದಲು ಊರು ಸೇರುವಂತಿರಲಿ. ಜನವರಿಯಲ್ಲಿ ಐದು ಗಂಟೆಗೆಲ್ಲ ಕತ್ತಲು ಕವಿಯುತ್ತದೆ. ಹಗಲು ಕರಗಿದ ನೀರು ಅದೇ ಹೊತ್ತಿಗೆ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಗಾಜಿನಂತೆ ಗಟ್ಟಿಯಾಗುತ್ತದೆ.

ಮೂರೂ ಸಾಲು ನೋಡಲು ಎರಡು ವಾರ ಬೇಕು. ಒಂಬತ್ತು ದಿನ ಮಾತ್ರ ಇದ್ದರೆ ಜಾಕ್ಸನ್ ಬಿಟ್ಟುಬಿಡಿ, ಬೇಸರಪಡಬೇಡಿ. ಒಂಬತ್ತು ದಿನಕ್ಕೆ ಐದು ಬೆಟ್ಟ ತುರುಕಿದವರು ನೋಡುವುದು ಐದು ಪಾರ್ಕಿಂಗ್ ಜಾಗಗಳನ್ನು. ನಾಲ್ಕು ದಿನಕ್ಕೊಂದು ಖಾಲಿ ದಿನವನ್ನೂ ನಕ್ಷೆಯಲ್ಲಿ ಗುರುತು ಹಾಕಿ. ರಸ್ತೆ ಮುಚ್ಚಿದರೆ ಅದನ್ನು ಖರ್ಚು ಮಾಡಿ, ಮುಚ್ಚದಿದ್ದರೆ ಕಾಲಿಗೆ ವಿಶ್ರಾಂತಿ ಕೊಡಿ.

ಯಾವ ವಾರ

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ದಿನಗಳು ಉತ್ತಮ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ವಾರಾಂತ್ಯ, ಫೆಬ್ರವರಿಯ ಅಧ್ಯಕ್ಷರ ದಿನದ ವಾರ ಈ ಮೂರನ್ನು ತಪ್ಪಿಸಿ. ಆ ದಿನಗಳಲ್ಲಿ ಬಾಡಿಗೆ ಏರುತ್ತದೆ, ಲಿಫ್ಟ್ ಮುಂದೆ ಸಾಲು ಬೆಳೆಯುತ್ತದೆ, ಕಡಿಮೆ ಬೆಲೆಯ ಪಾಸ್‌ಗಳಿಗೆ ಪ್ರವೇಶವೂ ಇರುವುದಿಲ್ಲ.

ಇನ್ನೊಂದು ಸಣ್ಣ ಉಪಾಯ: ಶನಿವಾರ ಗಾಡಿ ಓಡಿಸಿ, ಸೋಮವಾರದಿಂದ ಗುರುವಾರದವರೆಗೆ ಸ್ಕೀ ಮಾಡಿ. ಊರಿಗೆ ಊರೇ ಬೆಟ್ಟ ಹತ್ತುವ ದಿನ ನೀವು ನೆವಾಡಾದ ಮರುಭೂಮಿಯಲ್ಲಿ ನಿಶ್ಚಿಂತೆಯಾಗಿರುತ್ತೀರಿ.

ಪಾಸ್: ಹಿಮ ಬೀಳುವ ಮೊದಲೇ ಕೊಳ್ಳುವ ಸರಕು

ಟಿಕೆಟ್ ಕಿಟಕಿಯಲ್ಲಿ ನಿಂತು ಒಂದು ದಿನದ ಟಿಕೆಟ್ ಕೊಳ್ಳುವುದು ಈಗ ದಂಡ ಕಟ್ಟಿದಂತೆ. ದೊಡ್ಡ ಬೆಟ್ಟಗಳಲ್ಲಿ ಜನಜಂಗುಳಿಯ ದಿನ ಅದು 250ರಿಂದ 300 ಡಾಲರ್ ಮುಟ್ಟುತ್ತದೆ, ಕೆಲವೆಡೆ ಅದನ್ನೂ ದಾಟುತ್ತದೆ. ಕಂಪನಿಗಳು ಬೇಕೆಂದೇ ಹೀಗೆ ಮಾಡಿವೆ: ಹಿಮ ಬೀಳುತ್ತದೋ ಇಲ್ಲವೋ, ನಿಮ್ಮ ಹಣ ಮುಂಚೆಯೇ ಅವರ ಕೈ ಸೇರಬೇಕು. ಪಾಸ್ ಮಾರಾಟ ವಸಂತದಲ್ಲೇ ಶುರುವಾಗುತ್ತದೆ, ಬೇಸಿಗೆ ಕಳೆದಂತೆ ಬೆಲೆ ಏರುತ್ತದೆ, ಸಾಮಾನ್ಯವಾಗಿ ಡಿಸೆಂಬರ್ ಮೊದಲ ಭಾಗದಲ್ಲಿ ಮಾರಾಟ ನಿಲ್ಲುತ್ತದೆ.

ವೇಲ್ ಕಂಪನಿಯ ಎಪಿಕ್ ಪಾಸ್ 2008ರಲ್ಲಿ ಬಂತು. ಟಾಹೋದಲ್ಲಿ ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್, ಯೂಟಾದಲ್ಲಿ ಪಾರ್ಕ್ ಸಿಟಿ ಅದರಲ್ಲಿವೆ. ಆಲ್ಟೆರಾ ಕಂಪನಿಯ ಐಕಾನ್ ಪಾಸ್ 2018ರದು. ಪ್ಯಾಲಿಸೇಡ್ಸ್ ಟಾಹೋ, ಡಿಯರ್ ವ್ಯಾಲಿ, ಸಾಲಿಟ್ಯೂಡ್, ಸ್ನೋಬರ್ಡ್, ಜಾಕ್ಸನ್ ಹೋಲ್ ಮುಂತಾದವು ಅದರ ಬಳಗ. ಆದರೆ ಐಕಾನ್‌ನ ಅಗ್ಗದ ಆವೃತ್ತಿಯನ್ನು ಜಾಕ್ಸನ್‌ಗೆಂದು ನಂಬಿ ಕೊಳ್ಳಬೇಡಿ. ದೊಡ್ಡ ಹೆಸರುಗಳನ್ನು ಅದರಿಂದ ಕೈಬಿಡುವುದು ವಾಡಿಕೆ.

ರಸ್ತೆಪ್ರವಾಸಕ್ಕೆ ನನ್ನ ಒಲವು ಮೂರನೆಯದರ ಕಡೆಗೆ, ಮೌಂಟನ್ ಕಲೆಕ್ಟಿವ್. ಒಂದೊಂದು ಬೆಟ್ಟದಲ್ಲಿ ಎರಡು ದಿನ, ಆಮೇಲಿನ ದಿನಗಳಿಗೆ ಅರ್ಧ ಬೆಲೆ. ಒಂದೇ ಬೆಟ್ಟಕ್ಕೆ ಮತ್ತೆ ಮತ್ತೆ ಹೋಗುವವರಿಗೆ ಇದು ಸಾಲದು. ಊರೂರು ಸುತ್ತುವವರಿಗೆ ಹೇಳಿ ಮಾಡಿಸಿದಂತಿದೆ. ಶುಗರ್ ಬೌಲ್, ಆಲ್ಟಾ, ಸ್ನೋಬರ್ಡ್, ಸ್ನೋಬೇಸಿನ್, ಗ್ರಾಂಡ್ ಟಾರ್ಗೀ, ಜಾಕ್ಸನ್ ಹೋಲ್ ಹೀಗೆ ನಮ್ಮ ದಾರಿಯುದ್ದಕ್ಕೂ ಅದರ ಬೆಟ್ಟಗಳೇ. ಬೆಲೆ 600–700 ಡಾಲರಿನ ಆಸುಪಾಸು. ಬಳಗದ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಪಟ್ಟಿ ನೋಡಿ ಹಣ ಕಟ್ಟಿ. ಪಾಸ್ ಇದ್ದರೂ ಕೆಲವು ಬೆಟ್ಟಗಳಿಗೆ ದಿನವನ್ನು, ಕೆಲವಕ್ಕೆ ಪಾರ್ಕಿಂಗ್ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಆಲ್ಟಾದಲ್ಲಿ ವಾರಾಂತ್ಯದ ಪಾರ್ಕಿಂಗ್ ಸಿಗದೆ ಹಿಂದಿರುಗಿದವರನ್ನು ನಾನೇ ಕಂಡಿದ್ದೇನೆ.

ಗಾಡಿ, ಟೈರ್, ಚೈನ್

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಇದೆ, ಹಾಗಾಗಿ ಚಿಂತೆಯಿಲ್ಲ ಎನ್ನುವವರು ಪ್ರತಿ ವರ್ಷ ಹಳ್ಳಕ್ಕೆ ಇಳಿಯುತ್ತಾರೆ. ಆ ಗಾಡಿ ಮುಂದೆ ಹೋಗಲು ಸಹಾಯ ಮಾಡುತ್ತದೆ ಅಷ್ಟೇ, ನಿಲ್ಲಿಸುವ ಕೆಲಸ ಟೈರಿನದು. ಟೈರಿನ ಪಕ್ಕೆಯಲ್ಲಿ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರವಿದ್ದರೆ ಅದು ನಿಜವಾದ ಚಳಿಗಾಲದ ಪರೀಕ್ಷೆ ದಾಟಿದ ಟೈರ್. ಬರೀ ‘ಎಂ+ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಕಾನೂನಿನ ಮಟ್ಟಿಗೆ ನಡೆಯುತ್ತದೆ. ಆದರೆ ಮಂಜುಗಡ್ಡೆಯ ಮೇಲಿನ ಹಿಡಿತದಲ್ಲಿ ಎರಡಕ್ಕೂ ಅಜಗಜಾಂತರ.

ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತಿ ಕಟ್ಟುವುದು ಚೈನ್. ಕ್ಯಾಲಿಫೋರ್ನಿಯಾದಲ್ಲಿ ಚೈನ್ ನಿಯಮಕ್ಕೆ ಮೂರು ಹಂತ. ಆರ್-1 ಫಲಕ ಹಾಕಿದಾಗ ಹಿಮದ ಟೈರ್ ಇರುವ ಸಾಮಾನ್ಯ ಕಾರುಗಳು ಚೈನ್ ಕಟ್ಟದೆ ಹೋಗಬಹುದು. ಆರ್-2 ಬಂದರೆ ನಾಲ್ಕು ಚಕ್ರ ಚಾಲನೆ ಇದ್ದು ನಾಲ್ಕೂ ಟೈರ್ ಹಿಮದವಾಗಿದ್ದರೆ ಮಾತ್ರ ವಿನಾಯಿತಿ, ಉಳಿದವರೆಲ್ಲ ಕಟ್ಟಲೇಬೇಕು. ಆರ್-3 ಅಂದರೆ ಯಾರಿಗೂ ವಿನಾಯಿತಿ ಇಲ್ಲ. ಅಷ್ಟು ಹೊತ್ತಿಗೆ ರಸ್ತೆಯನ್ನೇ ಮುಚ್ಚಿರುವುದು ಹೆಚ್ಚು. ವಿನಾಯಿತಿ ಇದ್ದವರೂ ಚೈನನ್ನು ಗಾಡಿಯಲ್ಲಿ ಇಟ್ಟುಕೊಂಡಿರಬೇಕು. ಚೈನ್ ವಲಯದಲ್ಲಿ ವೇಗದ ಮಿತಿ 25–30 ಮೈಲಿ.

ನನ್ನ ಮೊದಲ ಚೈನ್ ಪಾಠ ಬ್ಲೂ ಕ್ಯಾನ್ಯನ್ ಹತ್ತಿರ ನಡೆಯಿತು. ರಾತ್ರಿ ಒಂಬತ್ತು, ಗಾಳಿ, ಹಿಂದಿನ ಸೀಟಿನಲ್ಲಿ ಅಳುವ ಮಗ. ಪೊಟ್ಟಣ ಬಿಚ್ಚಿದರೆ ಅಂಗಡಿಯವನು ಕೊಟ್ಟಿದ್ದು ಒಂದು ಅಳತೆ ಚಿಕ್ಕದು! ಕೊಕ್ಕೆ ಇನ್ನೂ ಎರಡು ಬೆರಳಷ್ಟು ದೂರ, ನನ್ನ ಬೆರಳುಗಳಿಗೋ ಸ್ಪರ್ಶವೇ ಇಲ್ಲ. ಪಕ್ಕದಲ್ಲಿ ಪ್ರತಿಫಲಿಸುವ ಅಂಗಿ ತೊಟ್ಟು, ಹಣ ಪಡೆದು ಚೈನ್ ಕಟ್ಟಿಕೊಡುವವರಿದ್ದರು. ಅವರಲ್ಲೊಬ್ಬ ನೋಡಿ ನಕ್ಕ. ಆ ರಾತ್ರಿ ನಾವು ಕೆಳಗಿಳಿದು ಮೋಟೆಲಿನಲ್ಲಿ ಮಲಗಿದೆವು.

ಹಾಗಾಗಿ ನವೆಂಬರ್‌ನ ಒಂದು ಭಾನುವಾರ, ಮನೆಯ ಮುಂದೆ, ಬಿಸಿಲಿನಲ್ಲಿ ಅಭ್ಯಾಸ ಮಾಡಿ. ಟೈರಿನ ಪಕ್ಕೆಯ ಮೇಲಿನ ಅಳತೆಯನ್ನು ಚೈನ್ ಪೊಟ್ಟಣದ ಪಟ್ಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಯಾವ ಚಕ್ರಗಳಿಗೆ ಕಟ್ಟಬೇಕೆಂದು ಗಾಡಿಯ ಕೈಪಿಡಿ ಹೇಳುತ್ತದೆ. ಸಾಮಾನ್ಯ ಕುಟುಂಬದ ಕಾರುಗಳಲ್ಲಿ ಮುಂದಿನ ಎರಡಕ್ಕೆ. ಹ್ಯಾಂಡ್ ಬ್ರೇಕ್ ಎಳೆದು, ಚೈನಿನ ಸಿಕ್ಕು ಬಿಡಿಸಿ ನೆಲದ ಮೇಲೆ ಹರಡಿ. ಸಿಕ್ಕು ಬಿಡಿಸುವುದರಲ್ಲೇ ಅರ್ಧ ಕೆಲಸ ಇದೆ, ಮಲ್ಲಿಗೆ ದಂಡೆಯ ನೂಲು ಬಿಡಿಸಿದ ತಾಳ್ಮೆ ಬೇಕು. ಟೈರಿನ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು. ನೂರಿನ್ನೂರು ಅಡಿ ಓಡಿಸಿ ಇಳಿದು ಮತ್ತೆ ಬಿಗಿಯಿರಿ. ಈ ಎರಡನೆಯ ಬಿಗಿತವನ್ನು ಮರೆತವರ ಚೈನ್ ಕಳಚಿ ಬಂದು ಬಂಪರಿಗೆ ಬಡಿಯುವ ಸದ್ದು ಘಾಟಿಯ ತುಂಬ ಕೇಳುತ್ತದೆ. ಮೊಣಕಾಲಿಗೆ ಹಳೆಯ ಯೋಗದ ಚಾಪೆ, ತಲೆಗೆ ಕಟ್ಟುವ ದೀಪ, ರಬ್ಬರ್ ಕೈಗವಸು ಚೈನಿನ ಚೀಲದಲ್ಲೇ ಇರಲಿ.

ಬಾಡಿಗೆ ಕಾರಿನವರು ಗಮನಿಸಿ: ಅನೇಕ ಬಾಡಿಗೆ ಕಂಪನಿಗಳ ಕರಾರಿನಲ್ಲಿ ಚೈನ್ ಕಟ್ಟಲು ಅನುಮತಿ ಇರುವುದಿಲ್ಲ, ಟೈರ್ ಕೂಡ ಸಾಮಾನ್ಯದ್ದೇ. ಚಳಿಗಾಲದ ಟೈರ್ ಇದೆಯೇ ಎಂದು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಸಾಲ್ಟ್ ಲೇಕ್‌ನ ಕಣಿವೆಗಳಲ್ಲಿ ಹಿಮದ ನಿಯಮ ಜಾರಿಯಲ್ಲಿದ್ದಾಗ ತಕ್ಕ ಟೈರಾಗಲಿ ಚೈನಾಗಲಿ ಇಲ್ಲದ ಗಾಡಿಯನ್ನು ಕಣಿವೆಯ ಬಾಯಲ್ಲೇ ಹಿಂದಕ್ಕೆ ಕಳಿಸುತ್ತಾರೆ. ವಿದ್ಯುತ್ ಕಾರಿನವರಿಗೆ ಚಳಿಯಲ್ಲಿ ಬ್ಯಾಟರಿಯ ದೂರ ಕಾಲು ಭಾಗಕ್ಕಿಂತ ಹೆಚ್ಚೇ ಇಳಿಯಬಹುದು. ನೆವಾಡಾದಲ್ಲಿ ವಿನ್ನಮಕ್ಕಾ, ಎಲ್ಕೋ, ವೆಸ್ಟ್ ವೆಂಡೋವರ್ ಮೂರರಲ್ಲೂ ತುಂಬಿಸಿಕೊಳ್ಳಿ, ಒಂದನ್ನು ಹಾರಿಸುವ ಜಾಣತನ ಬೇಡ.

ಉಳಿದದ್ದು ಚಿಕ್ಕಪುಟ್ಟದ್ದು: ಹೆಪ್ಪುಗಟ್ಟದ ಗಾಜು ತೊಳೆಯುವ ದ್ರವ, ಹಿಮ ಕೆರೆಯುವ ಕುಂಚ, ಮಡಚುವ ಸಲಿಕೆ, ಎರಡು ಕಂಬಳಿ, ನೀರು. ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ರಸ್ತೆ ಮುಚ್ಚಿದಾಗ ನಾಲ್ಕು ಗಂಟೆ ಎಂಜಿನ್ ಓಡಿಸಿಕೊಂಡು ನಿಂತ ಅನುಭವ ಇರುವವರಿಗೆ ಇದನ್ನು ಹೇಳಬೇಕಿಲ್ಲ. ಹಿಮದಲ್ಲಿ ಸಿಕ್ಕಿಕೊಂಡು ನಿಂತಿದ್ದರೆ ಮಾತ್ರ ಹೊಗೆಕೊಳವೆಯ ಸುತ್ತಲಿನ ಹಿಮ ಬಿಡಿಸದೆ ಎಂಜಿನ್ ಓಡಿಸಬೇಡಿ, ವಿಷದ ಹೊಗೆ ಗಾಡಿಯೊಳಗೆ ತುಂಬಿಕೊಳ್ಳುತ್ತದೆ.

ಉಳಿಯುವ ಜಾಗ, ಒಲೆ, ಕುಕ್ಕರ್

ಬೆಟ್ಟದ ಮೇಲಿನ ಹೋಟೆಲ್ ಚೆಂದ, ಜೇಬಿಗೆ ಭಾರ. ಟ್ರಕೀ, ಸಾಲ್ಟ್ ಲೇಕ್ ಬದಿಯ ಸ್ಯಾಂಡಿ, ಆಗ್ಡನ್, ಡ್ರಿಗ್ಸ್ ಇವು ಬೆಟ್ಟದ ಬುಡದ ಊರುಗಳು, ಬಾಡಿಗೆ ಬಹಳ ಕಡಿಮೆ. ಎರಡು ಷರತ್ತು: ಅಡುಗೆಮನೆ ಇರಬೇಕು, ರದ್ದು ಮಾಡಿದರೆ ಹಣ ವಾಪಸ್ ಬರಬೇಕು. ಎರಡನೆಯದಕ್ಕೆ ಹತ್ತಿಪ್ಪತ್ತು ಡಾಲರ್ ಹೆಚ್ಚು ಕೊಟ್ಟರೂ ಸರಿ. ಹಿಮದ ಜೊತೆ ಚೌಕಾಶಿ ಮಾಡುವ ಸ್ವಾತಂತ್ರ್ಯ ಅದರಿಂದಲೇ ಬರುತ್ತದೆ.

ಬೆಟ್ಟದ ಮೇಲಿನ ಊಟದಂಗಡಿಯಲ್ಲಿ ಸಸ್ಯಾಹಾರಿಗಳಿಗೆ ಆಲೂಗಡ್ಡೆ ಫ್ರೈಸ್, ಚೀಸ್ ಪಿಜ್ಜಾ, ಅಪರೂಪಕ್ಕೆ ಬೀನ್ಸ್ ಸಾರು. ಬೆಲೆ ಕೇಳಿದರೆ ಹಸಿವೇ ಹೋಗುತ್ತದೆ. ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ತೊಗರಿಬೇಳೆ, ಸಾರಿನ ಪುಡಿ ಒಯ್ಯುತ್ತೇವೆ. ಪ್ರೆಷರ್ ಕುಕ್ಕರ್ ಮರೆಯಬೇಡಿ. ಆಲ್ಟಾದ ಬುಡವೇ 8,530 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 91 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಕುದ್ದರೂ ಬೇಯುವುದಿಲ್ಲ, ನಮ್ಮ ತಾಳ್ಮೆ ಮಾತ್ರ ಬೇಯುತ್ತದೆ. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಂಡರೆ ಒಳಜೇಬಿನಲ್ಲಿಡಿ, ಹೊರಚೀಲದಲ್ಲಿಟ್ಟರೆ ಅನ್ನ ಕಲ್ಲಾಗಿರುತ್ತದೆ. ಚಪಾತಿ ಸುರುಳಿ ಇನ್ನೂ ವಾಸಿ.

ಬಟ್ಟೆ, ಬೂಟು

ಹತ್ತಿ ಬೇಡ. ಹತ್ತಿಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಲಿಫ್ಟ್ ಮೇಲೆ ಕೂತಾಗ ಅದೇ ಐಸಿನ ಪಟ್ಟಿ. ಜೀನ್ಸ್ ತೊಟ್ಟು ಬರುವವರನ್ನು ಮೊದಲ ಬೀಳುವಿಕೆಗೆ ಮೊದಲೇ ಗುರುತಿಸಬಹುದು. ಮೈಗೆ ಅಂಟಿ ತೆಳು ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಒಳಬಿಡದ ಜಾಕೆಟ್ ಮತ್ತು ಪ್ಯಾಂಟ್. ಅಮ್ಮ ಹೆಣೆದ ಉಣ್ಣೆಯ ಸ್ವೆಟರ್ ಮಧ್ಯದ ಪದರಕ್ಕೆ ಚೆನ್ನಾಗಿಯೇ ಸಲ್ಲುತ್ತದೆ. ಹೆಲ್ಮೆಟ್, ಗಾಗಲ್ಸ್, ಸನ್‌ಸ್ಕ್ರೀನ್ ಬೇಕೇ ಬೇಕು. ಬಿಳಿ ಹಿಮದಿಂದ ಚಿಮ್ಮುವ ಬಿಸಿಲು ಗಲ್ಲದ ಕೆಳಭಾಗವನ್ನೂ ಸುಡುತ್ತದೆ.

ಸ್ಕೀ ಹಲಗೆ ಬಾಡಿಗೆಗೆ ಸಿಕ್ಕಿದ್ದು ಹೇಗಿದ್ದರೂ ನಡೆಯುತ್ತದೆ, ಬೂಟಿನಲ್ಲಿ ರಾಜಿ ಬೇಡ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಹೆಬ್ಬೆರಳ ತುದಿ ಮುಂದಿನ ಗೋಡೆಗೆ ತಾಗಬೇಕು, ಮೊಣಕಾಲು ಬಾಗಿಸಿದರೆ ಸ್ವಲ್ಪ ಹಿಂದೆ ಸರಿಯಬೇಕು. ಚಳಿಯೆಂದು ಎರಡು ಜೊತೆ ಕಾಲುಚೀಲ ತೊಡುವುದು ನಮ್ಮವರ ಅಭ್ಯಾಸ. ಒಂದೇ ಸಾಕು, ತೆಳ್ಳಗಿನದು. ಎರಡಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಎರಡು ವಾರದ ಪ್ರವಾಸಕ್ಕೆ ಬೆಟ್ಟ ಬೆಟ್ಟದಲ್ಲೂ ಬಾಡಿಗೆ ಪಡೆಯುವುದಕ್ಕಿಂತ ಊರಿನ ಅಂಗಡಿಯಲ್ಲಿ ಇಡೀ ಋತುವಿಗೆ ಬಾಡಿಗೆ ಪಡೆಯುವುದು ಅಗ್ಗ. ರಾತ್ರಿ ಬೂಟನ್ನು ಕಾರಿನಲ್ಲಿ ಬಿಡಬೇಡಿ. ಬೆಳಿಗ್ಗೆ ಮರಗಟ್ಟಿದ ಪ್ಲಾಸ್ಟಿಕ್ಕಿನೊಳಗೆ ಕಾಲು ತೂರಿಸುವುದು ಒಂದು ಶಿಕ್ಷೆ.

ಹೊಸಬರು ಜೊತೆಗಿದ್ದರೆ

ಮೊದಲ ದಿನ ಹಣ ಕೊಟ್ಟು ತರಗತಿಗೆ ಸೇರಿ. ಗಂಡನಿಂದ ಹೆಂಡತಿಯೋ ಹೆಂಡತಿಯಿಂದ ಗಂಡನೋ ಸ್ಕೀ ಕಲಿಯಲು ಹೊರಟರೆ ಜಗಳ ಕಲಿಯುತ್ತಾರೆ. ಹಲಗೆಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ವೇಗ ತಗ್ಗಿಸುವುದು ಮೊದಲ ಪಾಠ. ಮಕ್ಕಳಿಗೆ ಅದನ್ನು ಪಿಜ್ಜಾ ತುಂಡು ಎಂದು ಕಲಿಸುತ್ತಾರೆ. ದಾರಿಗಳಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ, ಎರಡು ಕಪ್ಪು ವಜ್ರ ಬಲ್ಲವರಿಗೆ ಮಾತ್ರ. ಈ ಗುರುತು ಆ ಬೆಟ್ಟದೊಳಗಿನ ಹೋಲಿಕೆ ಎಂಬುದು ನೆನಪಿರಲಿ. ಟಾಹೋದಲ್ಲಿ ನೀಲಿಯನ್ನು ಗೆದ್ದವರು ಜಾಕ್ಸನ್‌ನ ನೀಲಿಯಲ್ಲಿ ಕುಳಿತು ಇಳಿದದ್ದಿದೆ.

ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ಪ್ರವಾಸಿ ವಿಮೆಯಲ್ಲಿ ಹಿಮದ ಆಟಗಳು ಸೇರಿವೆಯೇ ಎಂದು ಮೊದಲೇ ಓದಿ.

ಹೊರಟ ಮೇಲೆ

ಬುಧವಾರ ಸಂಜೆ ಟ್ರಕೀ. ಗುರುವಾರ, ಶುಕ್ರವಾರ ಶುಗರ್ ಬೌಲ್. ಡಾನರ್ ಘಾಟಿಯ ನೆತ್ತಿಯಲ್ಲೇ ಇರುವ ಈ ಬೆಟ್ಟ 1939ರದು, ಕ್ಯಾಲಿಫೋರ್ನಿಯಾದ ಮೊದಲ ಚೇರ್‌ಲಿಫ್ಟ್ ಇಲ್ಲಿಯದು. ಹಣ ಹೂಡಿದವರಲ್ಲಿ ವಾಲ್ಟ್ ಡಿಸ್ನಿಯೂ ಒಬ್ಬ, ಒಂದು ಶಿಖರಕ್ಕೆ ಅವನ ಹೆಸರೇ ಇದೆ. ಹೆಚ್ಚು ವಿಸ್ತಾರ ಬೇಕೆಂದರೆ 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಪ್ಯಾಲಿಸೇಡ್ಸ್ ಟಾಹೋ ಹತ್ತಿರದಲ್ಲಿದೆ. ಸಿಯೆರಾದ ಹಿಮ ಪೆಸಿಫಿಕ್ ಸಾಗರದ ತೇವ ಹೊತ್ತು ಬರುವುದರಿಂದ ಭಾರ, ಇಲ್ಲಿನವರು ಅದಕ್ಕೆ ಸಿಯೆರಾ ಸಿಮೆಂಟ್ ಎನ್ನುತ್ತಾರೆ. ತೊಡೆಗೆ ಒಳ್ಳೆಯ ಕಸರತ್ತು. ಸಿಮೆಂಟನ್ನು ಬೈಯ್ಯುತ್ತ ಕಲಿತವರಿಗೆ ಯೂಟಾದ ಒಣಹಿಮ ಸಕ್ಕರೆ ಪುಡಿಯಂತೆ ಕಾಣುತ್ತದೆ.

ಶನಿವಾರ ಬೆಳಿಗ್ಗೆ ರಸ್ತೆ ಮಾಹಿತಿ ನೋಡಿ ಎಲ್ಕೋ ಕಡೆಗೆ, ಸುಮಾರು 320 ಮೈಲಿ. ಈ ದಾರಿಯಲ್ಲಿ ನೋಡಲು ಏನೂ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೂದು ಬಯಲು, ಅದರಾಚೆ ಬಿಳಿ ಬೆಟ್ಟದ ಸಾಲು, ಮತ್ತೆ ಬೂದು ಬಯಲು. ನೂರು ಮೈಲಿಯಾದ ಮೇಲೆ ಮನಸ್ಸು ತನ್ನಷ್ಟಕ್ಕೆ ಸುಮ್ಮನಾಗುತ್ತದೆ. ಕೆಲವು ಕಡೆ ವೇಗದ ಮಿತಿ 80 ಮೈಲಿ, ಆದರೆ ನೆರಳು ಬಿದ್ದ ತಿರುವುಗಳಲ್ಲಿ ಮಂಜುಗಡ್ಡೆ ಉಳಿದಿರುತ್ತದೆ. ವೆಲ್ಸ್ ಊರಿನಾಚೆಯ ಪೀಕ್ವಾಪ್ ಏರು ಗಾಳಿಗೆ ಕುಖ್ಯಾತ. ಭಾನುವಾರ ಅದನ್ನು ಹಗಲು ಹೊತ್ತು ದಾಟಿ ವೆಂಡೋವರ್ ಸೇರುವಷ್ಟರಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ತರಗತಿಯ ಸಮಯ ತಪ್ಪಿಸಿಕೊಳ್ಳುವುದು ಇಲ್ಲೇ. ಆಮೇಲೆ ಬಾನ್‌ವಿಲ್ ಉಪ್ಪಿನ ಬಯಲು. ಚಳಿಗಾಲದಲ್ಲಿ ಉಪ್ಪಿನ ಮೇಲೆ ಬೆರಳುದ್ದ ನೀರು ನಿಂತು, ಆಕಾಶ ಕಾಲಡಿಗೆ ಬಂದಿರುತ್ತದೆ. ಗಾಡಿಯನ್ನು ಮಾತ್ರ ಬಯಲಿಗೆ ಇಳಿಸಬೇಡಿ, ಕೆಳಗೆ ಕೆಸರು.

ಸೋಮವಾರ, ಮಂಗಳವಾರ ಆಲ್ಟಾ ಮತ್ತು ಸ್ನೋಬರ್ಡ್. ಎರಡೂ ಲಿಟಲ್ ಕಾಟನ್‌ವುಡ್ ಕಣಿವೆಯಲ್ಲಿ ಅಕ್ಕಪಕ್ಕ. ವರ್ಷಕ್ಕೆ ಸರಾಸರಿ 500 ಇಂಚಿಗೂ ಹೆಚ್ಚು ಹಿಮ ಬೀಳುವ ಆಲ್ಟಾಕ್ಕೆ 2022–23ರಲ್ಲಿ 903 ಇಂಚು ಬಿತ್ತು. ಇಲ್ಲಿ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು ಇಳಿಯುವ ಸ್ನೋಬೋರ್ಡ್‌ಗೆ ಪ್ರವೇಶವಿಲ್ಲ, ಸ್ಕೀ ಮಾತ್ರ. ಸ್ನೋಬೋರ್ಡ್ ಮಾಡುವ ಮಗಳನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಪೆಚ್ಚಾದ ಗೆಳೆಯರಿದ್ದಾರೆ. ಅಂಥವರು ಸ್ನೋಬರ್ಡ್‌ಗೆ ಹೋಗಲಿ. ಕಣಿವೆಯ ರಸ್ತೆಯನ್ನು ಅರವತ್ತಕ್ಕೂ ಹೆಚ್ಚು ಹಿಮಕುಸಿತದ ದಾರಿಗಳು ಅಡ್ಡಹಾಯುತ್ತವೆ. ಹೆಚ್ಚು ಹಿಮ ಬಿದ್ದ ಬೆಳಿಗ್ಗೆ ರಸ್ತೆ ಮುಚ್ಚಿ, ಸ್ಫೋಟಕ ಸಿಡಿಸಿ, ಕುಸಿಯಬೇಕಾದ್ದನ್ನು ಬೇಕೆಂದೇ ಕೆಡವುತ್ತಾರೆ. ಆಗ ಮೇಲಿರುವವರು ಕಟ್ಟಡದಿಂದ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಇಂಟರ್‌ಲಾಡ್ಜ್ ಎಂದು ಹೆಸರು, ಮೀರಿದರೆ ಅಪರಾಧ. 2021ರ ಫೆಬ್ರವರಿಯಲ್ಲಿ ಇದು ಎರಡು ದಿನಕ್ಕೂ ಹೆಚ್ಚು ನಡೆಯಿತು. ರಸ್ತೆ ತೆರೆದ ಕೂಡಲೇ ಕಾರುಗಳ ಹಿಂದಿನ ದೀಪಗಳ ಸಾಲು ಕಣಿವೆಯುದ್ದ ಹರಿಯುತ್ತದೆ. ಊರವರು ಅದನ್ನು ಕೆಂಪು ಹಾವು ಎನ್ನುತ್ತಾರೆ. ಹಾವಿನ ಬಾಲವಾಗುವುದಕ್ಕಿಂತ ಕಣಿವೆಯ ಬಾಯಿಂದ ಹೊರಡುವ ಬಸ್ ಹಿಡಿಯುವುದು ಮೇಲು.

ಬುಧವಾರ ಖಾಲಿ ದಿನ. ಏನೂ ಮಾಡದಿದ್ದರೂ ಆದೀತು. ಸಾಲ್ಟ್ ಲೇಕ್ ಬದಿಯ ಸೌತ್ ಜೋರ್ಡನ್‌ನಲ್ಲಿ ಗಣೇಶನ ದೇವಸ್ಥಾನವಿದೆ. ಮಾರ್ಚ್ ಕೊನೆಯಲ್ಲಿ ಬಂದವರಾದರೆ ಸ್ಪ್ಯಾನಿಷ್ ಫೋರ್ಕ್‌ನ ರಾಧಾಕೃಷ್ಣ ಮಂದಿರದ ಹೋಳಿ ನೋಡಬಹುದು. ಮೈತುಂಬ ಬಣ್ಣ ಬಳಿದುಕೊಂಡು ಕುಣಿಯುವವರಲ್ಲಿ ಹೆಚ್ಚಿನವರು ಅಲ್ಲಿನ ಅಮೆರಿಕನ್ ವಿದ್ಯಾರ್ಥಿಗಳೇ.

ಗುರುವಾರ ಆಗ್ಡನ್ ಹತ್ತಿರದ ಸ್ನೋಬೇಸಿನ್. 2002ರ ಒಲಿಂಪಿಕ್ಸ್‌ನ ಡೌನ್‌ಹಿಲ್ ಸ್ಪರ್ಧೆಗಳು ನಡೆದದ್ದು ಇಲ್ಲಿ. ಉದ್ದನೆಯ ನೀಲಿ ದಾರಿಗಳು, ಸಾಲು ಕಡಿಮೆ. ಕುಟುಂಬದೊಂದಿಗೆ ಹೋಗುವವರು ಇಡೀ ಪ್ರವಾಸದಲ್ಲಿ ಒಂದೇ ಬೆಟ್ಟ ಆರಿಸಬೇಕಾದರೆ ನಾನು ಇದನ್ನೇ ಹೇಳುತ್ತೇನೆ.

ಶುಕ್ರವಾರ ಐಡಾಹೋ ಮೂಲಕ ಡ್ರಿಗ್ಸ್. ಶನಿವಾರ ಜನ ಜಾಕ್ಸನ್‌ಗೆ ಮುಗಿಬಿದ್ದಾಗ ನಾವು ಗ್ರಾಂಡ್ ಟಾರ್ಗೀಯಲ್ಲಿ. ಬೆಟ್ಟ ವಯೋಮಿಂಗ್‌ನಲ್ಲಿದೆ, ರಸ್ತೆ ಮಾತ್ರ ಐಡಾಹೋ ಕಡೆಯಿಂದ. ವಿಳಾಸ ಟೈಪ್ ಮಾಡುವಾಗ ಎಚ್ಚರ: ಟಾರ್ಗೀ ಇರುವ ಊರಿನ ಹೆಸರೂ ಆಲ್ಟಾ! ಯೂಟಾದ ಆಲ್ಟಾಕ್ಕೆ ದಾರಿ ತೋರಿಸಿದರೆ ಫೋನನ್ನು ಬೈದು ಪ್ರಯೋಜನವಿಲ್ಲ.

ಭಾನುವಾರ ಟೀಟನ್ ಘಾಟಿ ದಾಟಿ ಜಾಕ್ಸನ್. 8,431 ಅಡಿ, ಹತ್ತಕ್ಕೆ ಒಂದರ ಇಳಿಜಾರು. ಕೆಳಗಿನ ಗೇರಿನಲ್ಲಿ ಇಳಿಯಿರಿ, ಬ್ರೇಕಿನ ಮೇಲೆ ನಿಂತರೆ ಸುಟ್ಟ ವಾಸನೆ ಬರುತ್ತದೆ. ಮುಚ್ಚಿದ್ದರೆ ಸ್ವಾನ್ ವ್ಯಾಲಿ, ಆಲ್ಪೈನ್ ಮೂಲಕ ಸ್ನೇಕ್ ನದಿಯ ಪಕ್ಕದಲ್ಲಿ ಸುತ್ತಿ ಬರಬೇಕು, ಸುಮಾರು ಎರಡು ಗಂಟೆ. ಸುತ್ತುದಾರಿ ಸುಂದರವಾಗಿದೆ, ಶಾಪ ಹಾಕುವ ಅಗತ್ಯವಿಲ್ಲ.

ಜಾಕ್ಸನ್ ಹೋಲ್ ಬೆಟ್ಟದ ಬುಡ 6,311 ಅಡಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿ. ಅಲ್ಲಿಂದ ತಂತಿಯ ಮೇಲೆ ತೂಗುತ್ತ ಸಾಗುವ, ನೂರು ಜನ ಹಿಡಿಸುವ ಟ್ರ್ಯಾಮ್ ಒಂದೇ ಉಸಿರಿಗೆ 4,139 ಅಡಿ ಮೇಲೆ ಒಯ್ಯುತ್ತದೆ. ಮೇಲೆ ಕಾರ್ಬೆಟ್ ಹೆಸರಿನ ಪುಟ್ಟ ಮನೆಯಲ್ಲಿ ಬಿಸಿ ವಾಫಲ್ ಸಿಗುತ್ತದೆ. ಅದರ ಪಕ್ಕದಲ್ಲೇ ಅದೇ ಹೆಸರಿನ ಬಂಡೆಯ ಸೀಳು, ಅಂಚಿನಿಂದ ಹಾರಿಯೇ ಒಳಗಿಳಿಯಬೇಕು. ನಾನು ವಾಫಲ್ ತಿಂದು, ಹಾರುವವರನ್ನು ನೋಡಿ, ಟ್ರ್ಯಾಮ್‌ನಲ್ಲೇ ಕೆಳಗಿಳಿದೆ. ಸ್ಕೀ ಮಾಡದವರಿಗೆ ಊರಿನ ಪಕ್ಕದ ಎಲ್ಕ್ ರಕ್ಷಿತಾರಣ್ಯದಲ್ಲಿ ಕುದುರೆ ಎಳೆಯುವ ಹಿಮಗಾಡಿ ಇದೆ, ಸಾವಿರಾರು ಎಲ್ಕ್ ಜಿಂಕೆಗಳ ನಡುವೆ ಒಯ್ಯುತ್ತಾರೆ.

ದೇಹ ಹೇಳುವ ಮಾತು

ಸಮುದ್ರಮಟ್ಟದಿಂದ ಬಂದವರಿಗೆ ಮೊದಲೆರಡು ದಿನ ತಲೆನೋವು, ನಿದ್ರೆ ಬಾರದಿರುವುದು ಸಹಜ. ನೀರು ಹೆಚ್ಚು, ಮದ್ಯ ಕಡಿಮೆ. ವಾಂತಿ, ತೂರಾಟ, ಕುಳಿತಲ್ಲೇ ಏದುಸಿರು ಇದ್ದರೆ ಕಾಯಬೇಡಿ, ಕೆಳಗಿನ ಊರಿಗೆ ಇಳಿದು ವೈದ್ಯರನ್ನು ಕಾಣಿ. ಹಗ್ಗ ಕಟ್ಟಿ ಮುಚ್ಚಿದ ದಾರಿಗೆ ಯಾರು ಕರೆದರೂ ಹೋಗಬೇಡಿ. ಹೊಸ ಹಿಮದ ದಿನ ಮರಗಳ ಬುಡಕ್ಕೆ ಹತ್ತಿರ ಹೋಗಬೇಡಿ. ಕೊಂಬೆಗಳ ಕೆಳಗೆ ಹಿಮ ಸಡಿಲವಾಗಿದ್ದು ಬಾವಿಯಂಥ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಬಹಳ ಕಷ್ಟ. ಮರಗಳ ನಡುವೆ ಇಳಿಯುವಾಗ ಜೊತೆಗಾರ ಕಣ್ಣಿಗೆ ಕಾಣುವಷ್ಟು ಹತ್ತಿರವಿರಲಿ.

ವಾಪಸ್

ಜಾಕ್ಸನ್‌ನಿಂದ ಐಡಾಹೋ ಫಾಲ್ಸ್, ಟ್ವಿನ್ ಫಾಲ್ಸ್, ವೆಲ್ಸ್ ಮಾರ್ಗವಾಗಿ ಎಲ್ಕೋಗೆ 400 ಮೈಲಿಯ ಮೇಲೆ, ಮರುದಿನ ಮನೆಗೆ ಇನ್ನೂ 500. ನಾನೇ ಹೇಳಿದ 350ರ ಮಿತಿ ಇಲ್ಲಿ ಮುರಿಯುತ್ತದೆ. ಆಗದಿದ್ದರೆ ರೀನೋದಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ಹೊರಡುವ ಮುನ್ನಾದಿನ ಡಾನರ್‌ನ ಮುನ್ಸೂಚನೆ ನೋಡಿ. ಹಿಮ ಬರುವುದಿದ್ದರೆ ಒಂದು ದಿನ ಮೊದಲೇ ಹೊರಡಿ, ಇಲ್ಲವೇ ಉಳಿದ ಖಾಲಿ ದಿನವನ್ನು ಈಗ ಖರ್ಚು ಮಾಡಿ.

ಮನೆ ಸೇರಿದ ಮೇಲೆ ಗಾಡಿಯ ಹೊಟ್ಟೆಯಡಿ ಅಂಟಿದ ರಸ್ತೆಯ ಉಪ್ಪನ್ನು ತೊಳೆಸಿ, ಬಿಟ್ಟರೆ ಕಬ್ಬಿಣ ತಿನ್ನುತ್ತದೆ. ಚೈನನ್ನು ಸಿಹಿನೀರಿನಲ್ಲಿ ಜಾಲಿಸಿ, ಹಿತ್ತಲಿನ ಬೇಲಿಗೆ ನೇತುಹಾಕಿ. ಮಾರ್ಚ್ ಕೊನೆಯಾದರೆ ಅದು ಒಣಗುವಷ್ಟರಲ್ಲಿ ಮುಂದಿನ ಚಳಿಗಾಲದ ಪಾಸ್ ಮಾರಾಟಕ್ಕೆ ಬಂದಿರುತ್ತದೆ, ವರ್ಷದ ಅತಿ ಕಡಿಮೆ ಬೆಲೆಗೆ.